ಮಕ್ಕಳಿಗೆ ಕನ್ನಡ ಓದು-ಬರಹ ಕಲಿಸಲು ಬೇರೆ ದೇಶಗಳ ಕ್ರಮ ಹೊಂದುತ್ತದೆಯೇ?

ಪ್ರಶ್ನೆ (ಒಬ್ಬ ತಾಯಿ, ಧಾರವಾಡ):
ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಒಂದನೇ ತರಗತಿ ಓದುತ್ತಿರುವ ನನ್ನ ಮಗಳು ಮೂಲಾಕ್ಷರಗಳನ್ನೆಲ್ಲ ಗುರುತಿಸುತ್ತಾಳೆ, ಆದರೆ ಕಾಗುಣಿತ ಬಂದಲ್ಲಿ ತಡವರಿಸುತ್ತಾಳೆ, ಒತ್ತಕ್ಷರವಿದ್ದ ಶಬ್ದವನ್ನು ಬಿಟ್ಟೇ ಮುಂದೆ ಹೋಗುತ್ತಾಳೆ. ಇಂಗ್ಲೆಂಡಿನಲ್ಲಿರುವ ನಮ್ಮ ಅಣ್ಣ ಅಲ್ಲಿಯ ಫೋನಿಕ್ಸ್ (ಅಕ್ಷರಗಳ ಧ್ವನಿಗಳನ್ನು ಕೂಡಿಸಿ ಓದಿಸುವ) ಕ್ರಮವನ್ನೇ ಕನ್ನಡಕ್ಕೂ ಬಳಸು ಎನ್ನುತ್ತಾನೆ. ಫಿನ್ಲೆಂಡಿನಲ್ಲಿ ಏಳು ವರ್ಷದವರೆಗೆ ಓದಿನ ಅವಸರವೇ ಇಲ್ಲವೆಂದು ಬೇರೆ ಕೇಳಿದ್ದೇನೆ. ಮನೆಯಲ್ಲಿ ಅತ್ತೆಯವರು ಅಂಕಲಿಪಿ ಹಿಡಿದು ದಿನಾಲು ಕಾಗುಣಿತದ ಒಂದು ಬಳ್ಳಿಯನ್ನು ಪಾಟಿಯ ಮೇಲೆ ತಿದ್ದಿಸುತ್ತಾರೆ. ಯಾವುದನ್ನು ಅನುಸರಿಸಲಿ?

ಉತ್ತರ (ಪ್ರಾಥಮಿಕ ಶಾಲಾ ಶಿಕ್ಷಕ, ಗದಗ ಜಿಲ್ಲೆ):
ತಂಗಿ, ಮೊದಲು ಲಿಪಿಯನ್ನು ನೋಡಬೇಕು, ಆಮೇಲೆ ದೇಶವನ್ನು. ಇಂಗ್ಲಿಷಿನ 26 ಅಕ್ಷರಗಳು ಸುಮಾರು 44 ಧ್ವನಿಗಳನ್ನು ಹೊರಬೇಕು. ಒಂದೇ ಅಕ್ಷರಕ್ಕೆ ಹಲವು ಉಚ್ಚಾರಗಳಿವೆ. ಅದಕ್ಕಾಗಿಯೇ ಇಂಗ್ಲೆಂಡಿನಲ್ಲಿ ನಾಲ್ಕೈದು ವರ್ಷಕ್ಕೇ ಧ್ವನಿಗಳನ್ನು ಬಿಡಿಸಿ ಕೂಡಿಸುವ ಅಭ್ಯಾಸ ತೊಡಗುತ್ತದೆ. 2012ರಿಂದ ಆರು ವರ್ಷದ ಆಸುಪಾಸಿನ ಮಕ್ಕಳಿಗೆ 40 ಶಬ್ದಗಳನ್ನು ಓದುವ ಪರೀಕ್ಷೆಯೂ ಇದೆ. ಮಗು ಊಹೆಯಿಂದ ಓದದೆ ಅಕ್ಷರ ನೋಡಿಯೇ ಓದುತ್ತದೆಯೇ ಎಂದು ತಿಳಿಯಲು ಅದರಲ್ಲಿ 20 ಅರ್ಥವಿಲ್ಲದ ಶಬ್ದಗಳನ್ನು ಇಟ್ಟಿದ್ದಾರೆ. ಫಿನ್ನಿಷ್ ಭಾಷೆಯಲ್ಲಿ ಬರೆದಂತೆಯೇ ಓದು. ಅಲ್ಲಿಯ ಮಕ್ಕಳು ತಡವಾಗಿ ತೊಡಗಿಯೂ ಬೇಗ ಓದುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಅಲ್ಲದೆ 2015ರಿಂದ ಅಲ್ಲಿ ಆರನೇ ವರ್ಷದ ಪೂರ್ವ ಪ್ರಾಥಮಿಕ ಶಿಕ್ಷಣವೂ ಕಡ್ಡಾಯವಾಗಿದೆ.

ಕನ್ನಡವನ್ನೂ ಬರೆದಂತೆ ಓದುತ್ತೇವೆ, ಆದರೆ 34 ವ್ಯಂಜನಗಳು ಸ್ವರಚಿಹ್ನೆಗಳೊಡನೆ ಕೂಡಿದರೆ 400ಕ್ಕೂ ಹೆಚ್ಚು ರೂಪಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಇವೆಲ್ಲ ಕೈವಶವಾಗಲು ಮೂರು-ನಾಲ್ಕನೇ ತರಗತಿಯವರೆಗೆ ಸಮಯ ಹಿಡಿಯುವುದು ಸಹಜ; ನಿಮ್ಮ ಮಗಳು ಹಿಂದೆ ಬಿದ್ದಿಲ್ಲ. ಫೋನಿಕ್ಸ್‌ನ ಒಳ್ಳೆಯ ಅಂಶವೊಂದು ನಮ್ಮಲ್ಲಿ ಆಗಲೇ ಇದೆ. ಅಲ್ಲಿ ಎ-ಬಿ-ಸಿ ಕ್ರಮವನ್ನು ಬಿಟ್ಟು ಎಸ್, ಎ, ಟಿ, ಪಿ ಅಕ್ಷರಗಳಿಂದ ಆರಂಭಿಸುವಂತೆ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ತೊಡಗಿದ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಕ್ರಮವಾದ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಐದೇ ಅಕ್ಷರ ಕಲಿತ ಮಗು ಸರ, ಅರಸ, ಗರಗಸ ಎಂದು ಅರ್ಥವುಳ್ಳ ಶಬ್ದಗಳನ್ನು ಓದುತ್ತದೆ. ಆ ಹಿಗ್ಗನ್ನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಉತ್ತರ (ಹುಬ್ಬಳ್ಳಿಯ ಓದುಗ):
ಗುರುಗಳೇ, ನೀವು ಬರಹದ ವಿಷಯವನ್ನು ಬಿಟ್ಟಿರಿ. ಅತ್ತೆಯವರ ಪಾಟಿಯನ್ನು ತಳ್ಳಿಹಾಕಬಾರದು. ಜಪಾನಿನಲ್ಲಿ ಉಚ್ಚಾರ ಸೂಚಿಸುವ 46 ಮೂಲ ಹಿರಗಾನ ಅಕ್ಷರಗಳ ನಂತರ ಒಂದನೇ ತರಗತಿಯಲ್ಲಿಯೇ 80 ಕಾಂಜಿಗಳನ್ನು (ಚೀನೀ ಮೂಲದ, ಅರ್ಥ ಸೂಚಿಸುವ ಅಕ್ಷರಗಳನ್ನು), ಆರು ವರ್ಷಗಳಲ್ಲಿ ಒಟ್ಟು 1026 ಕಾಂಜಿಗಳನ್ನು ಕಲಿಸುತ್ತಾರೆ, ಮತ್ತು ಯಾವ ಗೆರೆ ಮೊದಲು ಯಾವುದು ನಂತರ ಎಂಬುದನ್ನು ಕೈಯಿಂದ ಬರೆಸಿಯೇ ರೂಢಿಸುತ್ತಾರೆ. ಆದರೆ ಅಲ್ಲಿಯ ಮಕ್ಕಳ ಪುಸ್ತಕಗಳಲ್ಲಿ ಕಠಿಣ ಕಾಂಜಿಯ ಪಕ್ಕದಲ್ಲಿ ಸಣ್ಣ ಹಿರಗಾನದಲ್ಲಿ ಉಚ್ಚಾರವನ್ನು ಮುದ್ರಿಸಿರುತ್ತಾರೆ, ಆದ್ದರಿಂದ ಅಕ್ಷರ ಬಾರದಿದ್ದರೂ ಕಥೆ ನಿಲ್ಲುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರವಿಲ್ಲದ ಒಳ್ಳೆಯ ಕಥೆಪುಸ್ತಕಗಳು ಇನ್ನೂ ಎಷ್ಟೋ ಬೇಕು.

ಉತ್ತರ (ಪಾಲಕರೊಬ್ಬರು, ಹಾವೇರಿ):
ಇನ್ನೊಂದು ಮಾತನ್ನು ಸೇರಿಸಲೇಬೇಕು. ನಮ್ಮ ಭಾಗದ ಮಗು ಮನೆಯಲ್ಲಿ ‘ಅವ ಬಂದಾನ’ ಎನ್ನುತ್ತದೆ, ಪುಸ್ತಕದಲ್ಲಿ ‘ಅವನು ಬಂದಿದ್ದಾನೆ’ ಎಂದಿರುತ್ತದೆ. ಓದುವಾಗ ಮಗು ‘ಬಂದಾನ’ ಎಂದರೆ ಅದಕ್ಕೆ ಅರ್ಥವಾಗಿದೆ ಎಂದೇ ತಿಳಿಯಬೇಕು. ಗದರಿಸಿದರೆ ಬಾಯಿ ಕಟ್ಟುತ್ತದೆ. ನಾರ್ವೆಯಲ್ಲಿ ಬರಹದ ರೂಪಗಳೇ ಎರಡಿವೆ, ಆದರೂ ಮಾತಿನಲ್ಲಿ ಯಾವ ರೂಪವನ್ನು ಬಳಸಬೇಕೆಂಬುದನ್ನು ಕಾನೂನು ಮಕ್ಕಳಿಗೇ ಬಿಟ್ಟಿದೆ. ನಮ್ಮ ಶಾಲೆಗಳಿಗೂ ಅಷ್ಟು ಔದಾರ್ಯ ಬರಬೇಕು.

ಪ್ರಶ್ನೆ ಕೇಳಿದ ತಾಯಿ:
ತುಂಬಾ ಧನ್ಯವಾದಗಳು. ಗುರುಗಳೇ, ಹಾಗಾದರೆ ಅಂಕಲಿಪಿಯ ಬಳ್ಳಿಯನ್ನು ಮುಂದುವರಿಸಬಹುದೇ?

ಶಿಕ್ಷಕ:
ಮುಂದುವರಿಸಿ, ಆದರೆ ದಿಕ್ಕನ್ನು ಬದಲಿಸಿ. ಕ, ಕಾ, ಕಿ, ಕೀ ಎಂದು ಇಡೀ ಬಳ್ಳಿಯನ್ನು ಒಮ್ಮೆಲೇ ತಿದ್ದಿಸುವ ಬದಲು, ಒಂದು ವಾರ ಇಳಿಯನ್ನಷ್ಟೇ (‘ಆ’ ಸ್ವರದ ಚಿಹ್ನೆ) ಹಿಡಿದು ಕಾ, ಗಾ, ಸಾ, ರಾ ಬರೆಸಿ, ಕೂಡಲೇ ಕಾಗದ, ದಾರ, ರಾಗ ಎಂಬ ಶಬ್ದಗಳನ್ನು ಓದಿಸಿ; ಆಮೇಲೆ ಗುಡಿಸನ್ನು (‘ಇ’ ಸ್ವರದ ಚಿಹ್ನೆ) ಹಿಡಿಯಿರಿ. ಒತ್ತಕ್ಷರಗಳಲ್ಲಿ ಅಕ್ಕ, ಅಜ್ಜ, ಹಗ್ಗ, ಬೆಲ್ಲ ಮುಂತಾದ ಸಜಾತೀಯಗಳು ಮೊದಲಿರಲಿ, ಸೂರ್ಯ, ಪುಸ್ತಕ ಆಮೇಲೆ ಬರಲಿ.