‘ಓವೇರಿಯನ್ ರಿಸರ್ವ್’: ಮೀಸಲೋ, ಉಳಿಕೆಯೋ?

ಎಲ್ಲರಿಗೂ ನಮಸ್ಕಾರ.

ಆಶಾ ಕಾರ್ಯಕರ್ತೆಯರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ವಯಸ್ಸಾದಂತೆ ಗರ್ಭ ನಿಲ್ಲುವುದು ಯಾಕೆ ಕಷ್ಟ ಎಂಬುದು ವಿಷಯ. ‘ಓವೇರಿಯನ್ ರಿಸರ್ವ್’ (ಹೆಣ್ಣಿನ ಅಂಡಾಶಯದಲ್ಲಿ ಇನ್ನೂ ಇರುವ ಅಂಡಾಣುಗಳು) ಎಂಬ ಮಾತಿನ ಹತ್ತಿರ ಸಿಕ್ಕಿಕೊಂಡಿದ್ದೇನೆ. ಮೊದಲು ‘ಅಂಡಾಶಯದ ಮೀಸಲು’ ಎಂದು ಬರೆದಿದ್ದೆ. ಕರಡು ಓದಿ ಹೇಳುವಾಗ ಒಬ್ಬರು ಕೇಳಿದರು: “ಮೀಸಲು ಅಂದ್ರೆ ಎತ್ತಿಟ್ಟಿರೋದು ಅಲ್ವಾ ಮೇಡಂ? ಹಾಗಿದ್ರೆ ಬೇಕಾದಾಗ ತೆಗೀಬಹುದಲ್ಲ?”

ಅವರ ಮಾತು ಸರಿ. ದೇವರಿಗೆ ಮೀಸಲೆಂದು ತೆಗೆದಿಟ್ಟ ಬೆಣ್ಣೆಯನ್ನು ಯಾರೂ ಮುಟ್ಟುವುದಿಲ್ಲ. ಅಂಡಾಶಯದ ಲೆಕ್ಕ ಹಾಗಿಲ್ಲ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ಅದರ ಅಂಡಾಣುಗಳು ಸುಮಾರು 60–70 ಲಕ್ಷ. ಹುಟ್ಟುವ ಹೊತ್ತಿಗೆ 10–20 ಲಕ್ಷ. ಮೈನೆರೆಯುವಾಗ 3–4 ಲಕ್ಷ. ಇಷ್ಟರಲ್ಲಿ ಇಡೀ ಬದುಕಿಗೆ ಬಿಡುಗಡೆಯಾಗುವುದು 400–500 ಮಾತ್ರ. ಮಿಕ್ಕವು ಅಲ್ಲಲ್ಲೇ ಕರಗಿಹೋಗುತ್ತವೆ. ಬಸುರಿಯಾದರೂ, ಗರ್ಭನಿರೋಧಕ ಮಾತ್ರೆ ನುಂಗಿದರೂ ಆ ಕರಗುವುದು ನಿಲ್ಲುವುದಿಲ್ಲ. ಇದನ್ನು ಮೀಸಲು ಎನ್ನುವುದು ಹೇಗೆ?

‘ಹುಟ್ಟುವಾಗ ತಂದ ಗಂಟು’ ಎಂದರೆ ಚೆನ್ನಾಗಿತ್ತು. ಖರ್ಚೇ ಹೊರತು ಗಳಿಕೆಯಿಲ್ಲ ಎಂಬುದು ಥಟ್ಟನೆ ತಿಳಿಯುತ್ತದೆ. ಆದರೆ ‘ಅಂಡಾಶಯದಲ್ಲಿ ಗಂಟು’ ಎಂದು ಓದಿದವರು ಗಡ್ಡೆ ಎಂದೇ ಹೆದರುತ್ತಾರೆ. ‘ದಾಸ್ತಾನು’ ಬೇಡ, ಗೋದಾಮಾದರೆ ಮತ್ತೆ ತುಂಬಬಹುದು. ಸದ್ಯಕ್ಕೆ ‘ಅಂಡದ ಉಳಿಕೆ’ ಎಂದು ಇಟ್ಟುಕೊಂಡಿದ್ದೇನೆ. ಎಎಂಎಚ್ (ಅಂಡಾಶಯದಲ್ಲಿ ತಯಾರಾಗುವ ಒಂದು ಹಾರ್ಮೋನು) ರಕ್ತಪರೀಕ್ಷೆಯನ್ನು ವಿವರಿಸಲೂ ಇದು ಒದಗುತ್ತದೆ: ಉಳಿಕೆ ಜಾಸ್ತಿಯೋ ಕಡಿಮೆಯೋ ಎಂಬ ಅಂದಾಜನ್ನು ಅದು ಕೊಡುತ್ತದೆ, ಉಳಿದದ್ದು ಹೇಗಿದೆ ಎಂದು ಹೇಳುವುದಿಲ್ಲ.

ಹೇಗಿದೆ ಎಂಬಲ್ಲಿ ಇನ್ನೊಂದು ತೊಡಕು. ‘ಓವೇರಿಯನ್ ಏಜಿಂಗ್’ ಎಂಬುದಕ್ಕೆ ‘ಅಂಡಾಶಯದ ಮುಪ್ಪು’ ಎನ್ನಬಹುದೇ? 36ರ ಹೆಂಗಸಿನ ಮುಂದೆ ಮುಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಅರ್ಥ ತಪ್ಪಲ್ಲ. ಅಂಡಾಣು ತಾಯಿಯ ಹೊಟ್ಟೆಯಲ್ಲೇ ವಿಭಜನೆ ಶುರುಮಾಡಿ ಅರ್ಧಕ್ಕೆ ನಿಂತಿರುತ್ತದೆ. ಹಾಗಾಗಿ 38ನೇ ವಯಸ್ಸಿನಲ್ಲಿ ಬಿಡುಗಡೆಯಾಗುವ ಅಂಡಕ್ಕೂ 38 ವರ್ಷವೇ. ಅಷ್ಟು ಕಾಲ ಕ್ರೋಮೋಸೋಮುಗಳನ್ನು ಒಟ್ಟಿಗೆ ಹಿಡಿದ ಪ್ರೋಟೀನಿನ ಕಟ್ಟು ಸಡಿಲವಾಗಿ, ಅವುಗಳ ಹಂಚಿಕೆ ತಪ್ಪುವ ಸಂಭವ ಹೆಚ್ಚುತ್ತದೆ. ಗರ್ಭಪಾತವೂ ಡೌನ್ ಸಿಂಡ್ರೋಮೂ ತಾಯಿಯ ವಯಸ್ಸಿನೊಂದಿಗೆ ಹೆಚ್ಚಲು ಇದು ದೊಡ್ಡ ಕಾರಣ. ‘ಬಲಿತ ಅಂಡ’ ಎನ್ನುವಂತಿಲ್ಲ, ಅದು ಬಿಡುಗಡೆಗೆ ಸಿದ್ಧವಾದ ಅಂಡಕ್ಕೆ ಬೇಕು. ‘ಅಂಡಕ್ಕೆ ವಯಸ್ಸಾಗುವುದು’ ಎಂದರೆ ಸಾಕೇ? ವಯಸ್ಸಾದದ್ದು ಅಂಡಕ್ಕೆ, ಅವಳಿಗಲ್ಲ ಎಂಬುದು ಮಾತಿನಲ್ಲೇ ಉಳಿಯಬೇಕು ಎಂದು ನನ್ನಾಸೆ. (‘ಬಂಜೆ’ ಎಂಬ ಪದ ಕೈಪಿಡಿಯಲ್ಲಿ ಎಲ್ಲೂ ಬರುವುದಿಲ್ಲ. ಆ ಬಗ್ಗೆ ಚರ್ಚೆ ಬೇಡ.)

ಕೊನೆಯದಾಗಿ ಮೆನೋಪಾಸ್. ‘ಋತುಬಂಧ’ ಅಚ್ಚಿನಲ್ಲಿ ಸರಿ, ಮನೆಮಾತಿನಲ್ಲಿ ಅಷ್ಟಾಗಿ ಕೇಳಿಲ್ಲ. ‘ಮುಟ್ಟು ನಿಂತಿದೆ’ ಎಂದರೆ ನಮ್ಮ ಕಡೆ ಮೊದಲು ಹೊಳೆಯುವುದು ಬಸಿರು! ‘ಮುಟ್ಟು ಪೂರ್ತಿ ನಿಲ್ಲುವುದು’ ಎಂದು ಬರೆದಿದ್ದೇನೆ, ತೃಪ್ತಿಯಿಲ್ಲ.

ನಿಮ್ಮ ಮನೆಯ ಹಿರಿಯ ಹೆಂಗಸರು ಇದಕ್ಕೆ ಏನನ್ನುತ್ತಾರೆ? ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯ ಮಾತು ಬೇರೆಯಿದ್ದರೆ ಖಂಡಿತ ಬರೆಯಿರಿ. ಪದದ ಜೊತೆಗೆ ಊರನ್ನೂ, ಅದನ್ನು ಬಳಸುವ ಒಂದು ವಾಕ್ಯವನ್ನೂ ಕೊಟ್ಟರೆ ಉಪಕಾರ.