ಅಜ್ಜಿಯ ಸಂಧ್ಯಾ ಸುರಕ್ಷಾ ಹಣ ನಿಂತಿದೆ, ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಪಕ್ಕದ ಮನೆಯ ಅಜ್ಜಿಗೆ 71 ವರ್ಷ, ಒಬ್ಬರೇ ಇದ್ದಾರೆ. ಸಂಧ್ಯಾ ಸುರಕ್ಷಾದಲ್ಲಿ (65 ದಾಟಿದ ಬಡವರಿಗೆ ರಾಜ್ಯ ಸರ್ಕಾರ ಕೊಡುವ ಪಿಂಚಣಿ) ತಿಂಗಳಿಗೆ ಬರುತ್ತಿದ್ದ 1,200 ರೂಪಾಯಿ ಕೆಲವು ತಿಂಗಳಿಂದ ನಿಂತಿದೆ. ಕಚೇರಿಯಲ್ಲಿ ಕೇಳಿದರೆ ‘ಇಲ್ಲಿಂದ ಹೋಗ್ತಾ ಇದೆ’ ಅಂತಾರೆ, ಬ್ಯಾಂಕಿನಲ್ಲಿ ‘ಬಂದಿಲ್ಲ’ ಅಂತಾರೆ. ಹೊಸ ಅರ್ಜಿ ಹಾಕಿಸಿಬಿಡಿ ಅನ್ನೋರೂ ಇದ್ದಾರೆ. ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಹೊಸ ಅರ್ಜಿ ಬೇಡವೇ ಬೇಡ. ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ. ಹಳೆಯ ಮಂಜೂರಾತಿ ಇರುವಾಗ ಇನ್ನೊಂದು ಅರ್ಜಿ ಹಾಕಿದರೆ ಗೊಂದಲವೇ ಹೆಚ್ಚು, ಬಾಕಿ ಹಣ ಕೇಳುವುದೂ ಕಷ್ಟವಾಗುತ್ತದೆ.

ಕಚೇರಿಯವರೂ ಬ್ಯಾಂಕಿನವರೂ ಹೇಳುತ್ತಿರುವುದು ನಿಜವೇ ಇರಬಹುದು. ಈ ಹಣ ಖಾತೆ ಸಂಖ್ಯೆ ನೋಡಿ ಹೋಗುವುದಿಲ್ಲ, ಆಧಾರ್ ನೋಡಿ ಹೋಗುತ್ತದೆ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆಯೋ (ಹಣ ಜಮಾಕ್ಕೆ ಜೋಡಣೆಯಾಗಿದೆಯೋ) ಅಲ್ಲಿಗೆ ಜಮಾ. ಸಂಘದ ಸಾಲಕ್ಕೋ ಇನ್ನಾವುದಕ್ಕೋ ಹೊಸ ಖಾತೆ ತೆರೆಯುವಾಗ ಒಪ್ಪಿಗೆ ಅಂತ ಹೆಬ್ಬೆಟ್ಟು ಒತ್ತಿದ್ದರೆ ಮ್ಯಾಪಿಂಗ್ ಅತ್ತ ಹೋಗಿರುತ್ತದೆ, ಅಜ್ಜಿಗೆ ಅದು ಗೊತ್ತೇ ಇರುವುದಿಲ್ಲ. ಮೈಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಬ್ಯಾಂಕಿನ ಹೆಸರು ಬರುತ್ತದೆ. ಬೇರೆ ಬ್ಯಾಂಕ್ ತೋರಿಸಿದರೆ ಅಲ್ಲಿ ಹೋಗಿ ಎಂಟ್ರಿ ಹಾಕಿಸಿ. ಮನೆಯಲ್ಲಿರುವ ಹಳೆಯ ಪಾಸ್‌ಬುಕ್ಕುಗಳನ್ನೂ ಒಯ್ಯಿರಿ, ಅಂಚೆ ಕಚೇರಿಯದ್ದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು: ಆಧಾರ್‌ಗೆ ಮೊಬೈಲ್ ನಂಬರೇ ಜೋಡಿಸಿಲ್ಲ, ಒಟಿಪಿ ಬರಲ್ಲ. ಏನು ಮಾಡಲಿ?

ಉತ್ತರ 2: ಹಾಗಾದರೆ ಅಜ್ಜಿಯನ್ನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ. ‘ಆಧಾರ್ ಲಿಂಕ್ ಆಗಿದೆಯಾ’ ಅಂತ ಮಾತ್ರ ಕೇಳಿದರೆ ‘ಆಗಿದೆ’ ಅಂದು ಕಳಿಸುತ್ತಾರೆ. ಅದು ಕೆವೈಸಿಗೆ (ಖಾತೆದಾರರ ಗುರುತಿನ ಪರಿಶೀಲನೆಗೆ) ಕೊಟ್ಟ ಆಧಾರ್ ಪ್ರತಿಯ ಮಾತೂ ಆಗಿರಬಹುದು. ‘ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೇ ಇದೆಯಾ ನೋಡಿ’ ಅಂತ ಕೇಳಬೇಕು (ಆಧಾರ್ ಯಾವ ಬ್ಯಾಂಕಿಗೆ ಅನ್ನುವ ಪಟ್ಟಿ ಇಟ್ಟಿರುವ ಪಾವತಿ ಸಂಸ್ಥೆಯೇ ಎನ್‌ಪಿಸಿಐ). ಇಲ್ಲದಿದ್ದರೆ ಒಪ್ಪಿಗೆ ಪತ್ರ ತುಂಬಿಕೊಟ್ಟು ಸ್ವೀಕೃತಿ ಪಡೆಯಿರಿ. ಕೆವೈಸಿ ಬಾಕಿ ಇದ್ದರೆ ಅದೇ ದಿನ ಮುಗಿಸಿ, ವಯಸ್ಸಾದವರನ್ನು ಎರಡೆರಡು ಸಲ ಓಡಾಡಿಸಬೇಡಿ.

ಹಣ ತೆಗೆಯುವಾಗ ದುಡಿದು ಸವೆದ ಬೆರಳನ್ನು ಹೆಬ್ಬೆಟ್ಟಿನ ಯಂತ್ರ ಕೆಲವೊಮ್ಮೆ ಹಿಡಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬೇರೆ ಬೆರಳು ಇಟ್ಟು ನೋಡಿ. ಆಗದಿದ್ದರೆ ಶಾಖೆಯಲ್ಲೇ ಚಲನ್ ಬರೆದು ಹಣ ತೆಗೆಯಬಹುದು. ಬ್ಯಾಂಕ್ ಮಿತ್ರರ (ಊರಲ್ಲೇ ಹೆಬ್ಬೆಟ್ಟು ಒತ್ತಿಸಿ ಹಣ ಕೊಡುವ ಬ್ಯಾಂಕಿನ ಪ್ರತಿನಿಧಿ) ಹತ್ತಿರ ‘ಫೇಲ್ ಆಯ್ತು, ಇನ್ನೊಂದು ಸಲ ಒತ್ತಿ’ ಅಂದಾಗ ಮೊದಲು ಚೀಟಿ ಕೇಳಿ, ಬ್ಯಾಲೆನ್ಸ್ ನೋಡಿ, ಆಮೇಲೆ ಒತ್ತಿಸಿ. ವಯಸ್ಸಾದವರ ಹಣ ಇಲ್ಲಿ ಸೋರುವುದುಂಟು.

ಉತ್ತರ 3: ಮ್ಯಾಪಿಂಗ್ ಸರಿಯಿದ್ದೂ ಹಣ ಇಲ್ಲ ಅಂದರೆ ಪಿಂಚಣಿಯನ್ನೇ ತಡೆಹಿಡಿದಿರಬಹುದು. ಮಂಜೂರಾತಿ ಆದೇಶದ ಪ್ರತಿ, ಆಧಾರ್, ಪಾಸ್‌ಬುಕ್ ಹಿಡಿದು ಗ್ರಾಮ ಆಡಳಿತ ಅಧಿಕಾರಿಯನ್ನು (ಹಿಂದಿನ ಗ್ರಾಮ ಲೆಕ್ಕಿಗರು) ಕಂಡು, ದಾಖಲೆಯಲ್ಲಿ ಯಾವ ಕಾರಣ ಬರೆದಿದೆ ಅಂತ ಕೇಳಿ. ಕಾರಣ ತಿಳಿಯದೆ ದಾಖಲೆ ಗುಡ್ಡೆ ಹಾಕಿ ಪ್ರಯೋಜನವಿಲ್ಲ.

ಪರಿಶೀಲನೆಗೆ ಬಂದಾಗ ಮನೆಗೆ ಬೀಗ ಇದ್ದು ‘ವಿಳಾಸದಲ್ಲಿ ಇಲ್ಲ’ ಅಂತ ಬರೆದಿದ್ದರೆ, ಅಥವಾ ‘ಮರಣ’ ಅಂತ ತಪ್ಪಾಗಿ ನಮೂದಾಗಿದ್ದರೆ, ಅಜ್ಜಿಯೇ ಎದುರು ನಿಂತು ಮರುಪರಿಶೀಲನೆಗೆ ಬರೆದುಕೊಡಬೇಕು. ಆಧಾರ್‌ನಲ್ಲಿ ವಯಸ್ಸು 65ಕ್ಕಿಂತ ಕಡಿಮೆ ಇದ್ದರೆ ಮೊದಲು ಅದರ ತಿದ್ದುಪಡಿ. ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಗಟ್ಟಿ ದಾಖಲೆ ಕೈಗೆ ಬರುವ ತನಕ ಮುಟ್ಟಬೇಡಿ. ಆದಾಯ ಮಿತಿ ಮೀರಿದೆ ಅಂದಿದ್ದರೆ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ. ಬೇರೆ ಇರುವ ಮಗನ ಸಂಬಳ ಅಜ್ಜಿಯ ಲೆಕ್ಕಕ್ಕೆ ಸೇರಿಬಿಟ್ಟಿರುವುದುಂಟು.

ತಹಶೀಲ್ದಾರರಿಗೆ ಬರೆಯುವ ಅರ್ಜಿಯಲ್ಲಿ ಯಾವ ತಿಂಗಳಿಂದ ನಿಂತಿದೆ, ಬಾಕಿಯೂ ಬೇಕು ಅಂತ ಸ್ಪಷ್ಟವಾಗಿ ಬರೆದು ಮೊಹರು ಹಾಕಿದ ಪ್ರತಿ ಇಟ್ಟುಕೊಳ್ಳಿ. ಕಂದಾಯ ಇಲಾಖೆಯ ಸಹಾಯವಾಣಿ 155245. ಅಲ್ಲೂ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ, 30 ದಿನದೊಳಗೆ ಉತ್ತರ ಕೊಡಲೇಬೇಕು.

ಉತ್ತರ 4: ಹಣ ಮತ್ತೆ ಶುರುವಾದರೂ 1,200 ಅಂದರೆ ದಿನಕ್ಕೆ 40 ರೂಪಾಯಿ, ಅದರಲ್ಲಿ ಊಟ, ಔಷಧಿ ಎರಡೂ ಆಗಬೇಕು. ಕೇಂದ್ರದ ವೃದ್ಧಾಪ್ಯ ವೇತನದಲ್ಲಂತೂ ಕೇಂದ್ರದ ಪಾಲು 79 ವರ್ಷದವರೆಗೆ ಬರೀ 200, 80 ತುಂಬಿದರೆ 500. ಇದು ಅನ್ಯಾಯ, ಬೇರೆ ಮಾತಿಲ್ಲ. ಆದ್ದರಿಂದ ಅಜ್ಜಿಗೆ ದುಡಿಯುವ ಮಕ್ಕಳಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000ದವರೆಗೆ ಆದೇಶ ಮಾಡುವ ಅಧಿಕಾರ ಅವರಿಗಿದೆ, ವಕೀಲರು ಬೇಕಿಲ್ಲ. ಮಕ್ಕಳಿಲ್ಲದವರು, ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಸಂಬಂಧಿಕರ ಮೇಲೂ ಕೇಳಬಹುದು. ಅರ್ಜಿ ಬರೆಯಲು ಸಹಾಯ ಬೇಕಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಆದರೆ ಅಜ್ಜಿಗೆ ಮನಸ್ಸಿದೆಯಾ ಅಂತ ಮೊದಲು ಅವರನ್ನೇ ಕೇಳಿ.