‘ಮೂರ್ಛೆ’, ‘ಸೆಳವು’, ‘ಫಿಟ್ಸ್’: ಶಾಲೆಯ ಗೋಡೆಗೆ ಯಾವ ಪದ?

ಕಾರವಾರದ ಹತ್ತಿರ, ಕಡಲ ಬದಿಯ ಶಾಲೆ ನಮ್ಮದು. ಕಳೆದ ವಾರ ಇಬ್ಬರು ನರ್ಸ್‌ಗಳು ಬಂದು ಶಿಕ್ಷಕರಿಗೂ ಬಿಸಿಯೂಟದ ಅಡುಗೆಯವರಿಗೂ ಪ್ರಥಮ ಚಿಕಿತ್ಸೆ ಹೇಳಿಕೊಟ್ಟರು. ಅದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವ ಕೆಲಸ ನನಗೆ ಬಂತು. ಒಂದು ಪದಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ಮೊದಲು ಬರೆದದ್ದು ‘ಮಗು ಮೂರ್ಛೆ ಹೋದರೆ ಅಂಗಾತ ಮಲಗಿಸಿ, ಕಾಲು ಸ್ವಲ್ಪ ಎತ್ತಿಡಿ’ ಅಂತ. ಬೆಳಿಗ್ಗೆ ಪ್ರಾರ್ಥನೆಗೆ ಬಿಸಿಲಲ್ಲಿ ನಿಂತು ತಲೆ ತಿರುಗಿ ಬೀಳುವ ಮಕ್ಕಳಿಗೆ ಇದು ಸರಿ. ಆದರೆ ಸಿಸ್ಟರ್ ಹಾಳೆ ನೋಡಿ ಕೇಳಿದರು, ‘ಮೂರ್ಛೆರೋಗ ಇರೋ ಮಗು ಬಿದ್ರೂ ಹೀಗೇ ಮಾಡ್ತಾರಲ್ವಾ ಸರ್?’ ಹೌದಲ್ಲ! ಕೈಕಾಲು ಸೆಟೆದು ಅದುರುತ್ತಿರುವ ಮಗುವನ್ನು ಒತ್ತಿ ಹಿಡಿಯಬಾರದು, ಬಾಯಿಗೆ ಚಮಚ ತುರುಕಬಾರದು, ಕೈಗೆ ಕಬ್ಬಿಣದ ಕೀಲಿಕೈ ಕೊಟ್ಟು ಉಪಯೋಗವಿಲ್ಲ. ಬೆಂಚು ದೂರ ಸರಿಸಿ, ತಲೆ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಒಂದು ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡುತ್ತಿರಬೇಕು, 5 ನಿಮಿಷ ದಾಟಿದರೆ 108ಕ್ಕೆ ಫೋನ್. ಮಾಡಬೇಕಾದ್ದು ಬೇರೆ ಬೇರೆ, ಪದ ಮಾತ್ರ ಒಂದೇ.

ಸರಿ, ‘ಸೆಳವು’ ಅಂತ ಹಾಕಿದೆ. ಆರೋಗ್ಯದ ಬರಹಗಳಲ್ಲಿ ಈ ಪದ ಕಾಣುತ್ತದೆ. ‘ಸೆಳವು ಬಂದರೆ ಮಗುವನ್ನು ಒತ್ತಿ ಹಿಡಿಯಬೇಡಿ.’ ಅಡುಗೆಯ ಅಕ್ಕ ಓದಿ ಗಾಬರಿಯಾದರು. ‘ಸೆಳವಿಗೆ ಸಿಕ್ಕ ಮಗುವನ್ನ ಹಿಡೀದೇ ಬಿಡೋದಾ ಸರ್?’ ಅವರ ಮನೆಯವರು ದೋಣಿಗೆ ಹೋಗುವವರು. ಇಲ್ಲಿ ಸೆಳವು ಅಂದರೆ ಮಳೆಗಾಲದ ಕಡಲು, ಕಾಳಿ ನದಿಯ ಅಳಿವೆಯಲ್ಲಿ ಕಾಲು ಎಳೆಯುವ ನೀರು. ಅವರು ಓದಿದ್ದೇ ಸರಿ, ನಾನು ಬರೆದದ್ದು ತಪ್ಪು.

‘ಅಪಸ್ಮಾರ’ ಇಲ್ಲಿ ಯಾರ ಬಾಯಲ್ಲೂ ಇಲ್ಲ. ಜೊತೆಗೆ ಅದು ಮೂರ್ಛೆರೋಗ ಅನ್ನೋ ಕಾಯಿಲೆಯದೇ ಹೆಸರು. ಜ್ವರ ಜಾಸ್ತಿಯಾಗಿ ಒಮ್ಮೆ ಹೀಗಾದ ಮಗುವಿಗೆ ಸುಮ್ನೆ ಆ ಹೆಸರು ಅಂಟಿಸಿದರೆ ತಾಯಿಯ ಜೀವ ಏನಾಗಬೇಡ?

ಹಾಗಾಗಿ ಒಂದಕ್ಕೆ ‘ಫಿಟ್ಸ್’, ಇನ್ನೊಂದಕ್ಕೆ ‘ತಲೆ ತಿರುಗಿ ಬೀಳುವುದು’ ಅಂತ ಇಟ್ಟಿದ್ದೇನೆ. ಹುಬ್ಬಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ‘ಬವಳಿ ಬಂದು ಬಿದ್ದ’ ಅನ್ನುತ್ತಾರೆ. ಎಷ್ಟು ಚಂದದ ಮಾತು, ಆದರೆ ನಮ್ಮ ಅಡುಗೆಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಶಿರಸಿ, ಕುಮಟಾ, ಭಟ್ಕಳದ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆಯಲ್ಲಿ, ಅಜ್ಜಿಯ ಬಾಯಲ್ಲಿ, ಈ ಎರಡಕ್ಕೆ ಬೇರೆ ಬೇರೆ ಮಾತು ಇದೆಯಾ? ಹಾಳೆ ಸೋಮವಾರ ಗೋಡೆಗೆ ಹೋಗಬೇಕು.